ಸೆವಸ್ತಕ್ಕ ಅಳದ ದಿನ

ಬಂದರಿನಿಂದ ಮೇಲಕ್ಕೆ ಬರುವ ಮೆಟ್ಟಿಲ ಪಕ್ಕ, ನೀಲಿ ಬಾಗಿಲಿನ ಮನೆ ಮುಂದೆ ಕಪ್ಪು ಬಟ್ಟೆ ಹಾಕಿಕೊಂಡು ಕೂತಿರುತ್ತಾಳಲ್ಲ, ಆ ಹೆಂಗಸನ್ನ ನೋಡಿ ಈಗಿನವರು ಹುಟ್ಟುಮೂಗಿ ಅಂದುಕೊಳ್ಳುತ್ತಾರೆ. ಮೊನ್ನೆ ಬೇಕರಿಗೆ ಹೊಸದಾಗಿ ಸೇರಿದ ಹುಡುಗಿ ನನ್ನೆದುರಿಗೇ ಹಾಗಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ನಮ್ಮ ದೊಡ್ಡಪ್ಪನ ಮಗಳು ಸೆವಸ್ತಿ. ನಾನು ಕಲಿತ್ಸಾ, ಮೊದಲಿಂದಲೂ ಅವಳನ್ನ ಸೆವಸ್ತಕ್ಕ ಅನ್ನುತ್ತೇನೆ. ನಲವತ್ತು ವರ್ಷ ಈ ದ್ವೀಪದಲ್ಲಿ ಯಾರ ಮನೆಯಲ್ಲಿ ಸಾವಾದರೂ ಒಬ್ಬರು ಪಾದ್ರಿಯ ಮನೆಗೆ ಓಡುತ್ತಿದ್ದರು, ಇನ್ನೊಬ್ಬರು ಇವಳ ಮನೆಗೆ. ಪಾದ್ರಿ ಸ್ವಲ್ಪ ತಡವಾದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಸೆವಸ್ತಕ್ಕ ತಡಮಾಡುವ ಹಾಗಿರಲಿಲ್ಲ.

ನಮ್ಮಲ್ಲಿ ಸತ್ತವರನ್ನ ಸುಮ್ಮನೆ ಕಳಿಸುವುದಿಲ್ಲ. ನಡುಮನೆಯಲ್ಲಿ ಮಲಗಿಸಿ, ಸುತ್ತ ಹೆಂಗಸರು ಕೂತು, ಮುಖ ನೋಡಿಕೊಂಡು ಎರಡೆರಡು ಸಾಲು ಕಟ್ಟಿ ಹಾಡಿ ಅಳಬೇಕು. ಯಾವುದೋ ಹಳೆಯದನ್ನ ಒಪ್ಪಿಸಿದರೆ ಆಗಲಿಲ್ಲ, ಆ ಮನುಷ್ಯನಿಗೆ ಅಂತಲೇ ಆ ಹೊತ್ತಿಗೇ ಕಟ್ಟಬೇಕು. ಮೊದಲ ಸಾಲು ಹೆಂಡತಿಯದು, ಇಲ್ಲವಾದರೆ ತಾಯಿಯದು. ಅವರು ಶುರುಮಾಡದೆ ಉಳಿದವರು ಬಾಯಿ ತೆಗೆಯುವ ಹಾಗಿಲ್ಲ. ಮಣ್ಣು ಬಿದ್ದ ಮೇಲೆ ಹಾಡಿಲ್ಲ, ಸಮಾಧಿಗೆ ಹೋಗಿ ದೀಪ ಹಚ್ಚಿ ಬರುವುದು ಅಷ್ಟೆ. ಮತ್ತೆ ಹಾಡುವುದು ಮೂರು ವರ್ಷ ಕಳೆದು ಸಮಾಧಿ ಅಗೆದು, ಮೂಳೆ ಹೊರಗೆ ತೆಗೆದು ತೊಳೆದು ಪೆಟ್ಟಿಗೆಯಲ್ಲಿಡುವ ದಿನ. "ಹಾಡಿಲ್ಲದೆ ಹೋಗು" ಅನ್ನುವುದು ನಮ್ಮೂರಿನ ಅತಿ ಕೆಟ್ಟ ಬೈಗುಳ. ನಾನು ಎಂಥ ಬಾಯಿಬಡುಕಿಯಾದರೂ ಅದನ್ನ ಇವತ್ತಿನವರೆಗೆ ಯಾರಿಗೂ ಅಂದಿಲ್ಲ.

ನನ್ನ ಅಮ್ಮ ಹೋದಾಗ ಸೆವಸ್ತಕ್ಕ ಹಾಡಿದ್ದು ನನಗಿನ್ನೂ ಬಾಯಿಪಾಠ:

ಒಲೆ ಆರಿಸಿ ಹೊರಟ್ಯಲ್ಲೇ ಚಿಕ್ಕಮ್ಮ, ಹಿಟ್ಟಿನ್ನೂ ಉಬ್ಬಿಲ್ಲ,
ಈ ರೊಟ್ಟಿ ಬೇಯಿಸೋರ್ಯಾರೆ ಇನ್ನು, ಮಗಳಿಗೆ ಕೈ ಬರಲಿಲ್ಲ.

ಅಳುತ್ತಿದ್ದವರೆಲ್ಲ ಆ ಅಳುವಿನ ಮಧ್ಯೆಯೇ ನನ್ನ ಕಡೆ ನೋಡಿ ನಕ್ಕರು. ನನಗೂ ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು ಬಂತು. ಅವಳ ಹಾಡು ಅಂಥದ್ದು. ಸತ್ತವರನ್ನ ಎಬ್ಬಿಸಿ ಒಂದು ಗಳಿಗೆ ನಮ್ಮ ಜೊತೆ ಕೂರಿಸುತ್ತಿದ್ದಳು.

ಅವಳ ಗಂಡ ಯಾಕೂಮಿ. ನನಗೆ ಭಾವನಾದರೂ ನಾವಿಬ್ಬರೂ ಶಾಲೆಯಲ್ಲಿ ಒಂದೇ ಬೆಂಚು, ಹಾಗಾಗಿ ಹೋಗೋ ಬಾರೋ ಅಂತಲೇ ಮಾತು. ಅಕ್ಕ ಅವನಿಗಿಂತ ಎರಡು ವರ್ಷ ದೊಡ್ಡವಳು. ಆ ಕಾಲಕ್ಕೆ ಊರಿನವರು ಅದನ್ನೂ ಆಡಿಕೊಂಡರು. ಮಕ್ಕಳಾಗಲಿಲ್ಲ. ಯಾಕೂಮಿ ದಕ್ಷಿಣದ ಕಡಲತೀರದಲ್ಲಿ ಪ್ರವಾಸಿಗಳಿಗೆ ಕೊಡೆ, ಒರಗುವ ಮಂಚ ಬಾಡಿಗೆಗೆ ಕೊಡುತ್ತಿದ್ದ. ಬೆಳಗ್ಗೆ ಆರಕ್ಕೆಲ್ಲ ಮರಳು ಬಾಚಿ ಸಾಲಾಗಿ ಕೊಡೆ ನಿಲ್ಲಿಸಿ, ಬಂದವರ ಬೆನ್ನು ಕೆಂಪಾದರೆ ತಾನೇ ಮೊಸರು ತಂದುಕೊಟ್ಟು ಹಚ್ಚಿಕೊಳ್ಳಿ ಅನ್ನುತ್ತಿದ್ದ. ಅಕ್ಕ ಮನೆಯ ಮೇಲಿನ ಎರಡು ಕೋಣೆಗಳನ್ನ ಅತಿಥಿಗಳಿಗೆ ಕೊಡುತ್ತಿದ್ದಳು. ಬೇಸಿಗೆಯಲ್ಲಿ ನಾವ್ಯಾರೂ ನಮ್ಮ ಹಾಸಿಗೆಯಲ್ಲಿ ಮಲಗಿದವರಲ್ಲ. ಅವರಿಬ್ಬರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಣ್ಣೆ ಡಬ್ಬಗಳ ಪಕ್ಕ ಉಗ್ರಾಣದಲ್ಲಿ ಮಲಗುತ್ತಿದ್ದರು. ಯಾಕೂಮಿ ತಮಾಷೆ ಮಾಡುತ್ತಿದ್ದ, ನಂದು ವರ್ಷಕ್ಕೆ ಎಂಟೇ ತಿಂಗಳ ಸಂಸಾರ, ಮಿಕ್ಕ ನಾಲ್ಕು ತಿಂಗಳು ನಾನು ಆಲಿವ್ ಎಣ್ಣೆ ಅಂತ.

ನನ್ನದು ಬಂದರಿನಲ್ಲಿ ಅಂಗಡಿ. ಹುಲ್ಲಿನ ಟೋಪಿ, ಸ್ಪಂಜು, ಫ್ರಿಜ್ಜಿಗೆ ಅಂಟಿಸುವ ಕತ್ತೆ, ಆಲಿವ್ ಮರದ ಸೌಟು, ಬಿಳಿ ಹತ್ತಿ ಲಂಗ. ಮೊದಲು ಅದು ಮದುವೆ, ನಾಮಕರಣದ ಸಾಮಾನಿನ ಅಂಗಡಿಯಾಗಿತ್ತು. ಊರಲ್ಲಿ ಮದುವೆಗಳೇ ಕಡಿಮೆಯಾದ ಮೇಲೆ ಹಳೆಯ ಸಾಮಾನು ಗಾಜಿನ ಬೀರುವಿನಲ್ಲಿ ಹಾಗೇ ಉಳಿಯಿತು. ಅದರಲ್ಲಿ ಒಂದು ಜೊತೆ ಮದುವೆಯ ಕಿರೀಟ. ಮೇಣದ ಹೂವು ಪೋಣಿಸಿದ, ತಲೆಗೆ ಕೂರುವ ಎರಡು ತೆಳು ಬಳೆ, ನಡುವೆ ಒಂದೇ ಬಿಳಿ ರಿಬ್ಬನ್. ಇಗರ್ಜಿಯಲ್ಲಿ ಪಾದ್ರಿ ಮಂತ್ರಿಸಿ ಹೆಣ್ಣು ಗಂಡಿನ ತಲೆಗಿಟ್ಟರೆ ಮದುವೆ ಆಯಿತು. ಆಮೇಲೆ ಅದನ್ನ ದೇವರ ಪಟದ ಹತ್ತಿರ ಪೆಟ್ಟಿಗೆಯಲ್ಲಿಡುತ್ತಾರೆ, ಸಾಯುವವರೆಗೆ ಯಾರೂ ಮುಟ್ಟುವುದಿಲ್ಲ.

ಆ ವರ್ಷ ಆಗಸ್ಟ್‌ನಲ್ಲಿ ಅಕ್ಕನ ಮನೆಗೆ ಒಂದು ಜೋಡಿ ಬಂತು. ಹುಡುಗಿಯ ಹೆಸರು ಫ್ರೇಯಾ, ಎಲ್ಲಿಂದಲೋ ಉತ್ತರದವಳು, ಹುಬ್ಬು ಕೂಡ ಬಿಳಿ. ಹುಡುಗ ಮಾತಿನವನಲ್ಲ. ಒಳ್ಳೆಯ ಮಕ್ಕಳು, ಸುಳ್ಳು ಹೇಳಬಾರದು. ಬೆಳಗ್ಗೆ ಈಜುವ ಕನ್ನಡಕ ಕಟ್ಟಿಕೊಂಡು ಬಂಡೆಗಳ ಹತ್ತಿರ ಮೀನು ನೋಡುತ್ತಾ ಈಜುವುದು, ಮಧ್ಯಾಹ್ನ ಯಾಕೂಮಿಯ ಕೊಡೆ ಕೆಳಗೆ ನಿದ್ದೆ, ಸಂಜೆ ಅಂಗಡಿ ಸುತ್ತುವುದು, ರಾತ್ರಿಯೆಲ್ಲ ಬಂದರಿನ ಬಾರುಗಳಲ್ಲಿ ಕುಣಿತ. ಒಂದು ಸಂಜೆ ನನ್ನ ಅಂಗಡಿಗೆ ಬಂದು ಬಿಳಿ ಲಂಗ ತೆಗೆದುಕೊಂಡಳು. ಆಮೇಲೆ ಗಾಜಿನ ಬೀರು ಕಡೆ ಕೈ ತೋರಿಸಿದಳು. ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ, ಮದುವೆನಾ ಅಂತ ಕೇಳಿದೆ. ಹುಡುಗಿ ಕೈಯಾಡಿಸಿ ನಕ್ಕಳು. ಇಲ್ಲ, ಇಲ್ಲ, ಇವತ್ತು ಬಿಳಿ ಬಟ್ಟೆ ಪಾರ್ಟಿ ಇದೆ, ಕುಣಿಯೋಕೆ ಅಂದಳು.

ಕೊಡಬಾರದಿತ್ತು. ಮಾರುವ ವಸ್ತುವೇ ಆದರೂ ಕುಣಿತಕ್ಕೆ ಅಂತ ಮಾರುವುದಲ್ಲ ಅದು. ಆದರೆ ಹತ್ತು ವರ್ಷದಿಂದ ಆ ಮೇಣದ ಹೂವು ಹಳದಿಯಾಗುವುದನ್ನ ನೋಡಿ ನೋಡಿ ನನಗೂ ಸಾಕಾಗಿತ್ತು. ಪಾದ್ರಿ ಎಲ್ಲೂ ಇಲ್ಲ ಅಂತ ಬೀದಿ ನೋಡಿಕೊಂಡು, ಕಾಗದದಲ್ಲಿ ಸುತ್ತಿ ಕೊಟ್ಟೆ. ಅವರಿಬ್ಬರೂ ಅಂಗಡಿ ಮುಂದೆಯೇ ತಲೆಗೆ ಇಟ್ಟುಕೊಂಡು, ರಿಬ್ಬನ್ ಎಳೆದಾಡುತ್ತಾ ಹೋದರು. ಹೋಟೆಲಿನವರು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ, ಪಾಪಿ.

ಮಾರನೇ ದಿನ ಅಕ್ಕ ಅಂಗಡಿಗೆ ಬಂದಳು. ಸಕ್ಕರೆ ಸುತ್ತಿದ ಬಾದಾಮಿ ಬೇಕಂತೆ. ಯಾರಿಗೆ ಅಂತ ಕೇಳಿದೆ. ಮುಖ ಅಷ್ಟಗಲ ಮಾಡಿಕೊಂಡು, ತನ್ನ ಮನೆಯಲ್ಲಿ ಮದುಮಕ್ಕಳಿದ್ದಾರೆ, ನಿನ್ನೆ ಕಿರೀಟ ಇಟ್ಟುಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದುದನ್ನ ಕಣ್ಣಾರೆ ಕಂಡೆ, ತಂದೆತಾಯಿ ಯಾರೂ ಜೊತೆಗಿಲ್ಲ, ಪಾಪ, ಹರಸಿ ದಿಂಬಿನ ಮೇಲೆ ಬಾದಾಮಿ ಇಡೋರಾದರೂ ಬೇಡವಾ ಅಂದಳು. ಮೂವತ್ತು ವರ್ಷದಿಂದ ಆ ಮನೆಯಲ್ಲಿ ಯಾರ ದಿಂಬಿಗೂ ಬಾದಾಮಿ ಇಟ್ಟಿರಲಿಲ್ಲ. ನಿಜ ಹೇಳೋಣ ಅಂದುಕೊಂಡೆ. ಹೇಳಿದರೆ ಮಾರಿದವಳು ನೀನಾ ಅಂತ ಬೈಯುತ್ತಾಳೆ. ಹೋಗಲಿ, ಬಾದಾಮಿ ತಿಂದರೆ ಯಾರಿಗೇನು ನಷ್ಟ ಅಂತ ಅರ್ಧ ಕಿಲೋ ಕಟ್ಟಿಕೊಟ್ಟೆ.

ಅದಾದ ನಾಲ್ಕನೇ ದಿನ, ಆಗಸ್ಟ್ ಹದಿಮೂರರ ಬೆಳಗ್ಗೆ, ಯಾಕೂಮಿ ಹೋದ. ಮರಳು ಬಾಚಲು ಹೊರಟವನು ಕಾಫಿ ಕುಡಿದು ಲೋಟ ಕೆಳಗಿಟ್ಟ, ಹಾಗೇ ಪಕ್ಕಕ್ಕೆ ವಾಲಿದ. ಅರವತ್ತೊಂದು ವಯಸ್ಸು. ನಾನು ಹೋಗುವ ಹೊತ್ತಿಗೆ ಅಕ್ಕ ಅವನ ಮುಖ ತೊಳೆದು, ಬಿಳಿ ಅಂಗಿ ಹಾಕಿ, ನಡುಮನೆಯ ಮಂಚದ ಮೇಲೆ ಮಲಗಿಸಿದ್ದಳು. ಹೆಂಗಸರು ಆರೇಳು ಮಂದಿ ಸುತ್ತ ಕೂತಿದ್ದರು. ನಾನು ಬಾಗಿಲಲ್ಲೇ ಎದೆ ಬಡಿದುಕೊಂಡು ಬಾಯಿ ತೆರೆದೆ. ಅಕ್ಕ ಎದ್ದು ಬಂದು ನನ್ನ ಬಾಯಿಗೆ ಅಂಗೈ ಒತ್ತಿದಳು.

"ಮೇಲೆ ಮದುಮಕ್ಕಳು ಮಲಗವ್ರೆ ಕಣೇ ಕಲಿತ್ಸಾ," ಅಂದಳು. "ಹತ್ತು ಗಂಟೆಗೆ ದೋಣಿ ವಿಹಾರಕ್ಕೆ ಹೋಗ್ತಾರೆ. ಬರೋದು ಸಂಜೆಗೇ. ಆಮೇಲೆ ಅಳೋಣ. ಅಲ್ಲೀವರೆಗೂ ತಡ್ಕೋ."

ಮದುವೆಯಾಗಿ ನಲವತ್ತು ದಿನ ತುಂಬದ ಜೋಡಿಯ ಕಿವಿಗೆ ಸಾವಿನ ಹಾಡು ಬೀಳಬಾರದು. ಬಿದ್ದರೆ ಇಬ್ಬರಲ್ಲೊಬ್ಬರು ಬೇಗ ಒಂಟಿಯಾಗುತ್ತಾರೆ. ಇದನ್ನ ನಮ್ಮಲ್ಲಿ ಯಾರೂ ಕಲಿಸಬೇಕಿಲ್ಲ, ಕೂತಿದ್ದ ಹೆಂಗಸರೆಲ್ಲ ಹೌದೌದು ಅಂತ ತಲೆಯಾಡಿಸಿದರು. ಬೇರೆ ಮನೆಗೆ ಕಳಿಸೋಣ ಅಂದರೆ ನಾಡಿದ್ದು ಮಾತೆ ಮರಿಯಳ ಹಬ್ಬ, ಊರಲ್ಲಿ ನಾಯಿ ಮಲಗಲೂ ಜಾಗವಿಲ್ಲ. ಅತಿಥಿಗಳಿಗೆ ವಿಷಯ ಹೇಳಿ ಎದ್ದು ಹೋಗಿ ಅನ್ನೋಣವೆಂದರೆ ಅಕ್ಕ ಸುತರಾಂ ಒಪ್ಪಲಿಲ್ಲ. ತನ್ನ ಮನೆ ನೆನೆದರೆ ಅವರಿಗೆ ಜೀವನಪೂರ್ತಿ ಹೆಣ ನೆನಪಾಗುವುದು ಬೇಡ ಅಂದಳು.

ನಾನು ಆಗ ಹೇಳಬೇಕಿತ್ತು. ಅಕ್ಕ, ಅವರು ಮದುಮಕ್ಕಳಲ್ಲ, ನೀನು ಬಾಯಿ ತುಂಬ ಅಳು, ಅಷ್ಟು ಮಾತು. ಆದರೆ ಅಲ್ಲೇ ಮೂಲೆಯಲ್ಲಿ ಪಾದ್ರಿ ಜಪ ಮಾಡುತ್ತಾ ನಿಂತಿದ್ದ. ಕಿರೀಟವನ್ನ ಕುಣಿತಕ್ಕೆ ಮಾರಿದವಳು ಅಂತ ಊರಿಗೆಲ್ಲ ಗೊತ್ತಾದರೆ ನಾನು ಇಗರ್ಜಿಯೊಳಗೆ ಕಾಲಿಡುವ ಹಾಗಿರಲಿಲ್ಲ. ಹತ್ತು ಗಂಟೆಗೆ ಹೇಗೂ ಅವರು ಹೋಗುತ್ತಾರಲ್ಲ, ಎರಡು ಗಂಟೆ ತಾನೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಕೂತೆ.

ಎಂಟೂವರೆಗೆ ಮೆಲ್ತೆಮಿ ಎದ್ದಿತು. ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಗಾಳಿ, ಎದ್ದರೆ ಮೂರು ದಿನ ಕೂರುವುದಿಲ್ಲ. ಕಿಟಕಿ ಬಾಗಿಲು ದಡಬಡ ಅಂದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತಕ್ಕೆ ದೋಣಿಯ ನಿಕಿತಾಸ್ ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತ. ಇವತ್ತು ದೋಣಿ ಬಿಡುವುದಿಲ್ಲ ಅಂತ ಹೇಳುವುದಕ್ಕೆ ಬಂದವನು, ಒಳಗೆ ನೋಡಿ ಅದನ್ನ ಹೇಳಲೂ ಆಗದೆ ಕಣ್ಣೊರೆಸಿಕೊಂಡ.

ಹುಡುಗಿ ಹನ್ನೊಂದಕ್ಕೆ ಎದ್ದು ಹೊರಗಿನ ಮೆಟ್ಟಿಲಿನ ಮೇಲಿಂದ ಕೂಗಿ ತಿಂಡಿ ಕೇಳಿದಳು. ಅಕ್ಕ ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಂಡು, ಮೊಟ್ಟೆ ಕರಿದು, ಟೊಮೆಟೊ ಹೆಚ್ಚಿ, ತಟ್ಟೆ ತೆಗೆದುಕೊಂಡು ಮೇಲೆ ಹೋದಳು. ಅಕ್ಕ ತನ್ನ ಅಮ್ಮ ಹೋದಾಗಿನಿಂದ ಕಪ್ಪನ್ನೇ ಉಡುತ್ತಿದ್ದಳು, ಹಾಗಾಗಿ ಬಟ್ಟೆ ನೋಡಿಯೂ ಅವರಿಗೆ ಏನೂ ಗೊತ್ತಾಗಲಿಲ್ಲ. ಕಡಲತೀರದಲ್ಲಿ ಮರಳು ಹಾರುತ್ತಿತ್ತು, ಎಲ್ಲಿಗೆ ಹೋಗುತ್ತಾರೆ? ಅವರು ನಡುಮನೆಯ ನೆತ್ತಿಯ ಮೇಲಿನ ತಾರಸಿಯಲ್ಲೇ ಗೋಡೆ ಮರೆಗೆ ಮಂಚ ಎಳೆದುಕೊಂಡು ಒರಗಿದರು. ಮಂಚ ಎಳೆದ ಸದ್ದು ನಮಗೆ ಕೇಳಿಸಿತು. ಅವರ ನಗು ಕೇಳಿಸಿತು. ಫೋನಿನಲ್ಲಿ ಹಾಡು ಹಾಕಿಕೊಂಡಿದ್ದೂ ಕೇಳಿಸಿತು.

ನಾನು ತಡೆಯಲಾರದೆ ಮೇಲೆ ಹೋದೆ. ಅಂಗಡಿಗೆ ಹೊಸ ಚಪ್ಪಲಿ ಬಂದಿದೆ, ಬನ್ನಿ, ನಿಮಗೆ ಪುಕ್ಕಟೆ ಅಂತ ಕರೆದೆ. ರಾತ್ರಿ ಕುಡಿದಿದ್ದು ಜಾಸ್ತಿಯಾಗಿ ತಲೆ ನೋಯುತ್ತಿದೆ, ನಾಳೆ ಬರುತ್ತೇನೆ ಅಂತ ಹುಡುಗಿ ನನ್ನ ಕೈ ಹಿಡಿದು ಪ್ರೀತಿಯಿಂದಲೇ ಹೇಳಿದಳು. ಕುರ್ಚಿಯ ಬೆನ್ನಿಗೆ ಆ ಜೋಡಿ ಕಿರೀಟ ನೇತುಹಾಕಿತ್ತು. ಅದನ್ನ ನೋಡಿಕೊಂಡು ಕೆಳಗಿಳಿದು ಬಂದೆ.

ಆ ಬಿಸಿಲಿಗೆ ಹೆಣ ಇಡುವ ಹಾಗಿರಲಿಲ್ಲ, ಊರಲ್ಲಿ ತಣ್ಣಗಿನ ಕೋಣೆಯೂ ಇಲ್ಲ. ಐದಕ್ಕೆ ಎತ್ತಲೇಬೇಕು. ಹನ್ನೆರಡಾಯಿತು, ಎರಡಾಯಿತು, ಮೂರಾಯಿತು. ನಾವು ಹತ್ತು ಹೆಂಗಸರು ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೂತಿದ್ದೆವು. ಅಕ್ಕ ಅವನ ತಲೆಯ ಹತ್ತಿರ ಕೂತು ಮುಖವನ್ನೇ ನೋಡುತ್ತಿದ್ದಳು. ಅವಳ ಗಂಟಲು ಏರಿಳಿಯುತ್ತಿತ್ತು. ಒಳಗೆ ಸಾಲು ಹುಟ್ಟುತ್ತಿದೆ ಅಂತ ನಮಗೆಲ್ಲ ಕಾಣುತ್ತಿತ್ತು, ಅವಳು ಅದನ್ನ ಒಂದೊಂದಾಗಿ ನುಂಗುತ್ತಿದ್ದಳು. ನಾಲ್ಕಕ್ಕೆ ದೇವರ ಪಟದ ಹತ್ತಿರದ ಪೆಟ್ಟಿಗೆ ತೆಗೆದು ತಮ್ಮ ಮದುವೆಯ ಕಿರೀಟ ಹೊರಗಿಟ್ಟಳು. ಕತ್ತರಿ ಕೊಡು ಅಂತ ನನಗೆ ಸನ್ನೆ ಮಾಡಿದಳು. ಕೊಟ್ಟೆ. ನಡುವಿನ ರಿಬ್ಬನ್ ಕತ್ತರಿಸಿ, ಅವನದನ್ನ ಅವನ ಎದೆಯ ಮೇಲಿಟ್ಟು, ತನ್ನದನ್ನ ಮತ್ತೆ ಒಳಗಿಟ್ಟಳು. ಆಗ ನನ್ನ ಬಾಯಿಗೆ ಮಾತು ಬಂದಿತ್ತು. ದೇವರಾಣೆ, ತುಟಿವರೆಗೂ ಬಂದಿತ್ತು. ಆದರೆ ಬೆಳಗ್ಗೆಯಿಂದ ಎಂಟು ಗಂಟೆ ಹೊತ್ತು ಯಾಕೆ ಸುಮ್ಮನಿದ್ದೆ ಅಂತ ಕೇಳಿದರೆ ಏನು ಹೇಳಲಿ? ಹೊತ್ತು ಕಳೆದಷ್ಟೂ ನನ್ನ ತಪ್ಪು ದೊಡ್ಡದಾಗುತ್ತಾ ಹೋಗಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಹಿಂದಿನ ಓಣಿಯಿಂದ ಎತ್ತಿಕೊಂಡು ಹೋದೆವು. ಇಗರ್ಜಿಯ ಗಂಟೆ ಬಾರಿಸಿದಾಗ ಹುಡುಗಿ ತಾರಸಿಯಿಂದ ಬಗ್ಗಿ ಗೋಪುರದ ಫೋಟೋ ತೆಗೆದಳಂತೆ. ಮಣ್ಣು ಹಾಕುವಾಗಲೂ ಅಕ್ಕನ ಬಾಯಿಂದ ಒಂದು ಸದ್ದಿಲ್ಲ. ಊರಿಗೆಲ್ಲ ಹಾಡಿ ಕಳಿಸಿದವಳು ತನ್ನ ಗಂಡನನ್ನ ಮೂಟೆ ಕಳಿಸಿದ ಹಾಗೆ ಕಳಿಸಿದಳು ಅಂತ ಕೆಲವರು ಹಿಂದಿನಿಂದ ಆಡಿಕೊಂಡರು. ಅವರಲ್ಲೊಬ್ಬಳ ಜೊತೆ ನಾನು ಬೀದಿಯಲ್ಲಿ ಜುಟ್ಟು ಹಿಡಿದು ಜಗಳವಾಡಿದೆ. ನಾನೇ, ನೋಡಿ.

ಆ ಜೋಡಿ ಇನ್ನೂ ಐದು ದಿನ ಇದ್ದು ಹೋಯಿತು. ಹೋಗುವಾಗ ಫ್ರೇಯಾ ಅಕ್ಕನನ್ನ ತಬ್ಬಿಕೊಂಡಳು, ಅಕ್ಕ ಅವಳ ಹಣೆಗೆ ಮುತ್ತಿಟ್ಟು ಹರಸಿದಳು. ಯಜಮಾನರು ಎಲ್ಲಿ, ಅವರಿಗೂ ಹೇಳಿ ಅಂದಳಂತೆ ಆ ಹುಡುಗಿ. ಹೇಳ್ತೀನಿ ಅಂದಳಂತೆ ಅಕ್ಕ.

ಆಮೇಲೆ ಅಕ್ಕ ಸಾವಿನ ಮನೆಗಳಿಗೆ ಹೋಗುವುದನ್ನ ಬಿಟ್ಟಳು. ಮೊದಲು ಅವನದು ಬಾಕಿ ಇದೆ, ಅದಾಗದೆ ಬೇರೆಯವರಿಗೆ ಹೇಗೆ ಹಾಡಲಿ ಅನ್ನುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ದಿನ, ಮೂಳೆ ತೆಗೆಯುವ ದಿನ. ಅದಕ್ಕಾಗಿಯೇ ಬದುಕಿದ್ದಳು ಅಂದರೂ ಸರಿಯೇ. ಗೋಡೆಗೆ ಸುಣ್ಣ ಬಳಿಯುವಾಗ, ಅತಿಥಿಗಳ ಹಾಸಿಗೆ ಕೊಡವುವಾಗ ತುಟಿ ಅಲ್ಲಾಡುತ್ತಿತ್ತು. ಮಕ್ಕಳಿಲ್ಲದವನಿಗೆ ತಾನು ಬಿಟ್ಟರೆ ಯಾರೂ ಇಲ್ಲ, ಒಂದು ಸಾಲೂ ಕಡಿಮೆಯಾಗಬಾರದು ಅಂತ ಕಟ್ಟಿಕಟ್ಟಿ ಇಡುತ್ತಿದ್ದಳು. ಎರಡನೇ ವರ್ಷ ಒಂದು ಸಂಜೆ, ನಲವತ್ತು ಜೋಡಿ ಆಯ್ತು ಕಣೇ ಅಂದಳು. ನನಗೊಂದು ಹೇಳಕ್ಕ ಅಂದೆ.

"ನಿಂಗ್ಯಾಕೆ? ಅದು ಅವನಿಗೆ," ಅಂದಳು. "ಆವತ್ತು ಬಾಯಿ ಕಟ್ಕೊಂಡೆ ಅಂತ ಅವನಿಗೆ ಬೇಜಾರಾಗಿರತ್ತೆ. ಎಲ್ಲಾ ಸೇರಿಸಿ ಹೇಳ್ತೀನಿ. ಯಾರದೋ ಮನೆ ಮಕ್ಕಳು ಚೆನ್ನಾಗಿರಲಿ ಅಂತ ತಡ್ಕೊಂಡೆ ಅಂದ್ರೆ ಅವನಿಗೆ ಅರ್ಥ ಆಗತ್ತೆ."

ನಾನು ಆಗಲೂ ಹೇಳಲಿಲ್ಲ. ಮೂಳೆ ತೆಗೆಯುವ ದಿನ ಹೇಗೂ ಬರುತ್ತದೆ, ಅವಳು ಹಾಡಿ ಹಗುರಾಗಲಿ, ಆಮೇಲೆ ಕಾಲು ಹಿಡಿದು ಹೇಳಿದರಾಯಿತು ಅಂತ.

ಮೂರನೇ ವರ್ಷದ ಫೆಬ್ರವರಿಯಲ್ಲಿ ಅಕ್ಕ ಬಾವಿಕಟ್ಟೆ ಹತ್ತಿರ ಬಿದ್ದಳು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದು ಬಂದಾಗ ಕಾಲು ಸ್ವಲ್ಪ ಎಳೆಯುತ್ತಿತ್ತು, ಕೈ ಬಂದಿತ್ತು, ಮಾತು ಬಂದಿರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಬಾಯಲ್ಲೂ ಬರಹದಲ್ಲೂ ಹೊರಗೆ ಬರುವುದಿಲ್ಲ, ಬರುವ ಭರವಸೆಯೂ ಇಲ್ಲ ಅಂದರು ಡಾಕ್ಟರು. ನಾನು ಆಸ್ಪತ್ರೆಯ ಕಾರಿಡಾರಿನಲ್ಲೇ ಕುಸಿದು ಕೂತೆ. ಜೊತೆಗಿದ್ದವರು, ತಂಗಿಗೆ ಅಕ್ಕನ ಮೇಲೆ ಎಷ್ಟು ಪ್ರೀತಿ ಅಂದುಕೊಂಡರು.

ಅಕ್ಟೋಬರ್‌ನಲ್ಲಿ, ಪ್ರವಾಸಿಗಳೆಲ್ಲ ಹೋದ ಮೇಲೆ, ಯಾಕೂಮಿಯ ಮೂಳೆ ತೆಗೆದರು. ಹೆಂಗಸರು ಬಿಳಿ ಬಟ್ಟೆ ಹಾಸಿಕೊಂಡು ಕೂತರು. ಮೊದಲು ತಲೆಬುರುಡೆ ಬಂತು, ಅಕ್ಕನ ಕೈಗೆ ಕೊಟ್ಟರು. ಅವಳು ಅದನ್ನ ಕೆಂಪು ವೈನಿನಲ್ಲಿ ತೊಳೆದು ಮಡಿಲಲ್ಲಿಟ್ಟುಕೊಂಡಳು. ಎಲ್ಲರೂ ಕಾದರು. ಹೆಂಡತಿ ಶುರುಮಾಡಬೇಕಲ್ಲ. ಅಕ್ಕ ಬಾಯಿ ತೆರೆದಳು. ತಾ, ತಾ, ತಾ ಅಂದಳು. ಮತ್ತೆ ಉಸಿರೆಳೆದುಕೊಂಡು ತೆರೆದಳು, ಮತ್ತೆ ಅಷ್ಟೇ ಬಂತು. ನಲವತ್ತು ಜೋಡಿ ಸಾಲು ಒಳಗಿತ್ತು. ಕತ್ತಿನ ನರ ಉಬ್ಬಿ, ಕಣ್ಣಲ್ಲಿ ನೀರು ಸುರಿದು, ಕೊನೆಗೆ ಅವಳು ನನ್ನ ತೋಳು ಹಿಡಿದು ಮುಂದಕ್ಕೆ ನೂಕಿದಳು. ನೀನು ಹೇಳು ಅಂತ. ಅವಳ ರಕ್ತಸಂಬಂಧ ಅಂತ ಅಲ್ಲಿದ್ದವಳು ನಾನೊಬ್ಬಳೇ.

ನನಗೆ ಹಾಡು ಕಟ್ಟಲು ಬರುವುದಿಲ್ಲ, ಎಂದೂ ಬಂದಿಲ್ಲ. ಅವನ ಮುಖವಿದ್ದ ಜಾಗ ನೋಡುತ್ತಾ ಕೂತರೆ ಸುಳ್ಳು ಹೇಳಲು ಆಗಲಿಲ್ಲ. ಇಷ್ಟು ಬಂತು:

ಮದುಮಕ್ಕಳಲ್ಲ ಯಾಕೂಮಿ, ಮೇಲಿದ್ದ ಆ ಇಬ್ಬರು,
ಕುಣಿಯೋಕೆ ಅಂತ ಕಿರೀಟವ ನನ್ನಂಗಡೀಲಿ ಕೊಂಡವರು.
ನಿನ್ನ ಹೆಂಡತಿ ಬಾಯಿ ಕಟ್ಟಿದ್ದು ಗಾಳಿ ಅಲ್ಲ, ದೇವರಲ್ಲ,
ಗೊತ್ತಿದ್ದೂ ಕೂತೆ ಪಕ್ಕದಲಿ, ನಾನೊಂದು ಮಾತೂ ಆಡಲಿಲ್ಲ.

ಯಾರೂ ಅಳಲಿಲ್ಲ. ಪಾದ್ರಿ ಜಪ ನಿಲ್ಲಿಸಿದ. ಅಕ್ಕ ನನ್ನನ್ನ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಕಿತ್ತುಕೊಂಡು, ನನಗೆ ಬೆನ್ನು ಹಾಕಿ ಕೂತು, ಮಿಕ್ಕ ಮೂಳೆಗಳನ್ನೆಲ್ಲ ಒಬ್ಬಳೇ ತೊಳೆದಳು.

ಪಾದ್ರಿ ನನಗೆ ಒಂದು ವರ್ಷದ ಪ್ರಾಯಶ್ಚಿತ್ತ ಹಾಕಿದ, ಮುಗಿಸಿದೆ. ಊರಿನವರು ಸ್ವಲ್ಪ ದಿನ ಮಾತು ಬಿಟ್ಟರು, ಮತ್ತೆ ಶುರುಮಾಡಿದರು. ಅಕ್ಕನಿಗೆ ದಿನಾ ಮಧ್ಯಾಹ್ನ ನಾನೇ ಊಟ ತೆಗೆದುಕೊಂಡು ಹೋಗುತ್ತೇನೆ. ತಿನ್ನುತ್ತಾಳೆ, ನನ್ನ ಕಡೆ ನೋಡುವುದಿಲ್ಲ. ಬೈಯಕ್ಕ, ಒಂದು ಸಲ ಬಾಯಿ ತುಂಬ ಬೈದುಬಿಡು ಅಂತ ಕಾಲ ಹತ್ತಿರ ಕೂತು ಕೇಳಿಕೊಳ್ಳುತ್ತೇನೆ. ಅವಳು ಸಮುದ್ರದ ಕಡೆ ನೋಡುತ್ತಾ ತುಟಿ ಅಲ್ಲಾಡಿಸುತ್ತಾಳೆ. ನನಗೆ ಬೈಯುತ್ತಿದ್ದಾಳೋ, ಅವನಿಗೆ ಹಾಡುತ್ತಿದ್ದಾಳೋ, ನನಗೆ ಗೊತ್ತಾಗುವುದಿಲ್ಲ.